ಮೂಲೆಯ ಪಬ್ ಮುಚ್ಚಿದರೆ ನಷ್ಟ ಯಾರಿಗೆ?

ಪಬ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಕರಾವಳಿಯವರಿಗೆ ನೆನಪಾಗುವುದು 2009ರ ಜನವರಿ 24. ಅಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಯುವತಿಯರ ಮೇಲೆ ಕೈ ಮಾಡಿತು. ಇಡೀ ದೇಶ ಆ ದೃಶ್ಯವನ್ನು ಟಿ.ವಿ.ಯಲ್ಲಿ ಕಂಡಿತು. ಪ್ರಕರಣದ ಆರೋಪಿಗಳು 2018ರಲ್ಲಿ ಖುಲಾಸೆಯಾದರು. ಅಂದಿನಿಂದ ಪಬ್ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ನಡೆದಿದೆ. ಕೆಲವರಿಗೆ ಅದು ಸಂಸ್ಕೃತಿಯನ್ನು ಕೆಡಿಸುವ ಜಾಗ, ಇನ್ನು ಕೆಲವರಿಗೆ ಅದು ಸ್ವಾತಂತ್ರ್ಯದ ಗುರುತು. ಆದರೆ ಇಬ್ಬರ ಕಣ್ಣ ಮುಂದೆಯೂ ಇರುವ ಚಿತ್ರ ಒಂದೇ: ಮಬ್ಬು ಬೆಳಕು, ಕಿವಿಗಡಚಿಕ್ಕುವ ಸಂಗೀತ, ದುಬಾರಿ ಪಾನೀಯ, ಕಿಸೆಯಲ್ಲಿ ಹಣವಿರುವ ಯುವಜನ.

ಆ ಪದ ಹುಟ್ಟಿದ ಊರಿನಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ. ‘ಪಬ್ಲಿಕ್ ಹೌಸ್’ ಎಂಬುದರ ಗಿಡ್ಡ ರೂಪ ಪಬ್. ಸಾರ್ವಜನಿಕರಿಗೆ ಬಾಗಿಲು ತೆರೆದ ಮನೆ ಎಂದರ್ಥ. ಇಂಗ್ಲೆಂಡ್, ಐರ್ಲೆಂಡ್, ಜರ್ಮನಿಯ ನಗರಗಳಲ್ಲಿ ಬೀದಿ ಬೀದಿಯ ಮೂಲೆಯಲ್ಲೂ ಇಂಥ ಮನೆಗಳಿದ್ದವು. ಅಲ್ಲಿಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಗಾರೆ ಕೆಲಸದವರು, ಕಾರ್ಖಾನೆಯವರು, ಟ್ಯಾಕ್ಸಿ ಓಡಿಸುವವರು, ನಿವೃತ್ತರು, ಮನೆಯಲ್ಲಿ ಒಂಟಿಯಾಗಿರುವವರು. ನಮ್ಮೂರಿನ ಹೋಲಿಕೆ ಕೊಡುವುದಾದರೆ ಇದು ಹಳೆಯ ಗಡಂಗಿಗೆ, ಅದಕ್ಕಿಂತಲೂ ಬಸ್‌ಸ್ಟ್ಯಾಂಡಿನ ಬಳಿಯ ಚಹಾದ ಹೋಟೆಲಿಗೆ ಹತ್ತಿರ.

ಈಗ ಆ ಮೂಲೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಬ್ರಿಟನ್ನಿನಲ್ಲಿ 2000ದಲ್ಲಿ ಸುಮಾರು 60 ಸಾವಿರ ಪಬ್‌ಗಳಿದ್ದವು. ಇತ್ತೀಚಿನ ವರ್ಷಗಳಲ್ಲಿ ಆ ಸಂಖ್ಯೆ ಸುಮಾರು 45 ಸಾವಿರಕ್ಕೆ ಇಳಿದಿದೆ. ಊರು ಬಡವಾದಾಗ ಅಂಗಡಿ ಮುಚ್ಚುವುದು ಸಹಜ. ವಿಚಿತ್ರವೆಂದರೆ ಊರು ಏಳಿಗೆ ಕಂಡಲ್ಲಿಯೂ, ಬಾಡಿಗೆ ಏರಿ ಹೊಸ ಹೊಸ ಕೆಫೆಗಳು ತೆರೆದುಕೊಂಡಲ್ಲಿಯೂ ಹಳೆಯ ಪಬ್ ಮುಚ್ಚುತ್ತಿದೆ. ಇದು ಏಕೆ? ಇದರಿಂದ ಕಳೆದುಹೋಗುವುದು ಬರೀ ಬಿಯರ್ ಮಾತ್ರವೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಬರ್ಲಿನ್ ನಗರದ ನಾಯ್‌ಕೋಲ್ನ್ ಎಂಬ ಬಡಾವಣೆ ಒಳ್ಳೆಯ ಉದಾಹರಣೆ.

ಒಳಗೆ ಹೋದಾಗ ಕಂಡದ್ದು

ಧರ್ಮಗುರುವಿಗೆ ಪಬ್‌ನಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಜರ್ಮನಿಯ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ದೇಶದ ಧರ್ಮಗುರುಗಳನ್ನು ಕೇಳಿ ನೋಡಿ. ಭಾನುವಾರದ ಬಲಿಪೂಜೆ ಮುಗಿಸಿ ಜನ ನೇರವಾಗಿ ಎದುರಿನ ಪಬ್‌ಗೆ ಹೋಗಿ ಕೂರುವ ಹಳೆಯ ವಾಡಿಕೆ ಅಲ್ಲಿನ ಕಥೋಲಿಕ ಹಳ್ಳಿಗಳಲ್ಲಿತ್ತು. ಊರಿನ ಸುದ್ದಿ ತಿಳಿಯಬೇಕಾದರೆ ಪಾದ್ರಿಗಳೂ ಅಲ್ಲಿಗೆ ಹೋಗಬೇಕಿತ್ತು.

ಬರ್ಲಿನ್ ಮಾತ್ರ ಕಥೋಲಿಕರ ಊರಲ್ಲ. ಅಲ್ಲಿ ನನ್ನನ್ನು ಕರೆದುಕೊಂಡು ಹೋದವರು ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯ ಯುವಕ. ಆತನ ಮನೆ ಇರುವ ಬೀದಿಯ ಮೂಲೆಯಲ್ಲೇ ಒಂದು ಹಳೆಯ ಪಬ್ ಇದೆ. ಇಂಥ ಪಬ್‌ಗೆ ಜರ್ಮನ್ ಭಾಷೆಯಲ್ಲಿ ‘ಎಕ್‌ಕ್ನೈಪೆ’ ಎನ್ನುತ್ತಾರೆ. ಮೂಲೆಯ ಸಣ್ಣ ಕುಡಿಯುವ ಅಂಗಡಿ ಎಂದು ಅರ್ಥ. ಮೂರು ವರ್ಷ ದಿನಾಲೂ ಅದರ ಮುಂದೆ ಹಾದುಹೋದ ಆತ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. “ಅದು ನಮ್ಮಂಥವರಿಗಲ್ಲ ಅಂತ ಎಣಿಸಿದ್ದೆ ಫಾದರ್” ಎಂದ. ಕಿಟಕಿಗೆ ಜಾಲರಿ ಪರದೆ ಇಳಿಬಿಟ್ಟಿರುವುದರಿಂದ ಹೊರಗಿನವರಿಗೆ ಒಳಗೇನಿದೆ ಎಂಬುದು ಕಾಣುವುದೂ ಇಲ್ಲ.

ಒಳಗೆ ಹೋದರೆ ಕಡುಬಣ್ಣದ ಮರದ ಕೌಂಟರ್, ಅದರ ಹಿಂದೆ ಅರುವತ್ತು ದಾಟಿದ ಯಜಮಾನಿತಿ, ಗೋಡೆಯಲ್ಲಿ ಫುಟ್ಬಾಲ್ ತಂಡದ ಬಾವುಟ, ಮೂಲೆಯಲ್ಲಿ ಜೂಜಿನ ಯಂತ್ರ, ಬಾಣ ಎಸೆಯುವ ಹಲಗೆ. ದಿನವೂ ಬರುವವರಿಗೆಂದೇ ಮೀಸಲಾದ ಒಂದು ಮೇಜು. ಸಿಗರೇಟಿನ ಹೊಗೆಯಂತೂ ಇದ್ದೇ ಇದೆ. ಜರ್ಮನಿಯಲ್ಲಿ ಪಬ್‌ಗಳ ಒಳಗೆ ಧೂಮಪಾನಕ್ಕೆ ತಡೆ ಬಂದಾಗ ಸಣ್ಣ ಪಬ್‌ನವರು ನ್ಯಾಯಾಲಯಕ್ಕೆ ಹೋದರು. 75 ಚದರ ಮೀಟರಿಗಿಂತ, ಅಂದರೆ ಸುಮಾರು 800 ಚದರಡಿಗಿಂತ ಚಿಕ್ಕದಾದ ಒಂದೇ ಕೋಣೆಯ ಪಬ್, ಅಡುಗೆ ಮಾಡಿ ಬಡಿಸದಿದ್ದರೆ, ಧೂಮಪಾನಕ್ಕೆ ಅವಕಾಶ ಕೊಡಬಹುದು ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2008ರ ಜುಲೈ 30ರಂದು ಹೇಳಿತು. ದೊಡ್ಡ ಹೋಟೆಲುಗಳು ಧೂಮಪಾನಿಗಳಿಗೆ ಬೇರೆ ಕೋಣೆ ಮಾಡಿಕೊಳ್ಳಬಹುದು, ಒಂದೇ ಕೋಣೆ ಇರುವವರು ಏನು ಮಾಡಬೇಕು ಎಂಬುದು ವಾದದ ತಿರುಳಾಗಿತ್ತು. ಹಾಗಾಗಿ ನಮಗೆ ತಿನ್ನಲು ಸಿಕ್ಕಿದ್ದು ಪ್ಯಾಕೆಟಿನ ನೆಲಗಡಲೆ ಮಾತ್ರ.

ನನ್ನ ಗಮನ ಸೆಳೆದದ್ದು ಗೋಡೆಗೆ ತಗಲಿಸಿದ ಒಂದು ಲೋಹದ ಪೆಟ್ಟಿಗೆ. ಅದರಲ್ಲಿ ಸಾಲು ಸಾಲಾಗಿ ಪುಟ್ಟ ಖಾನೆಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಹಣ ಹಾಕಲು ಒಂದು ಸೀಳು. ಇದು ಅಲ್ಲಿನ ಉಳಿತಾಯ ಸಂಘದ ಪೆಟ್ಟಿಗೆ. ಸದಸ್ಯರು ವಾರಕ್ಕೊಮ್ಮೆಯಾದರೂ ತಮ್ಮ ಖಾನೆಗೆ ಗೊತ್ತಾದ ಮೊತ್ತ ಹಾಕಬೇಕು, ತಪ್ಪಿದರೆ ಸಣ್ಣ ದಂಡ. ವಾರ ವಾರ ಪೆಟ್ಟಿಗೆ ತೆರೆದು ಲೆಕ್ಕ ಬರೆದು ಹಣವನ್ನು ಬ್ಯಾಂಕಿಗೆ ಕಟ್ಟುತ್ತಾರೆ. ವರ್ಷದ ಕೊನೆಗೆ, ಕ್ರಿಸ್ಮಸ್ ಖರ್ಚಿಗೆ ಬೇಕಾಗುವ ಹೊತ್ತಿಗೆ, ಅವರವರ ಹಣ ಅವರವರ ಕೈಗೆ. ದಂಡದ ಹಣದಿಂದ ಎಲ್ಲರಿಗೂ ಊಟ. ಈ ಪದ್ಧತಿ ಜರ್ಮನಿಯಲ್ಲಿ 19ನೇ ಶತಮಾನದಿಂದ ಬಂದದ್ದು. ನಮ್ಮ ಸ್ವಸಹಾಯ ಸಂಘಗಳ ಸಿಸ್ಟರ್‌ಗಳು ನೋಡಿದರೆ ಒಂದೇ ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ.

ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ತಮ್ಮ ಖಾನೆಯನ್ನು ಬೆರಳಿಟ್ಟು ತೋರಿಸಿದರು. ಹೆಂಡತಿ ತೀರಿಹೋಗಿ ಆರು ವರ್ಷ, ಮಗಳು ದೂರದ ಊರಿನಲ್ಲಿ. ಒಂದು ಲೋಟ ಬಿಯರ್ ಹಿಡಿದು ಎರಡು ಗಂಟೆ ಕೂರುತ್ತಾರೆ, ಯಾರೂ ಏಳಿ ಎನ್ನುವುದಿಲ್ಲ. ಹಿಂದಿನ ಚಳಿಗಾಲ ಎರಡು ವಾರ ಅವರ ಖಾನೆ ಖಾಲಿ ಇತ್ತಂತೆ. ಯಜಮಾನಿತಿ ಫೋನ್ ಮಾಡಿದಳು, ಎತ್ತಲಿಲ್ಲ. ಮೇಜಿನ ಇಬ್ಬರು ಹೋಗಿ ಬಾಗಿಲು ತಟ್ಟಿದಾಗ ಅವರು ಜ್ವರದಲ್ಲಿ ಮಲಗಿದ್ದರು. ಆಸ್ಪತ್ರೆಗೆ ಸೇರಿಸಿದ್ದು ಆ ಇಬ್ಬರೇ. ಇದನ್ನು ಅವರು ದೊಡ್ಡ ಸಂಗತಿಯಂತೆ ಹೇಳಲಿಲ್ಲ. ನಮ್ಮ ಯುವಕ ಅನುವಾದಿಸಿ ಹೇಳುತ್ತಾ ಅರ್ಧಕ್ಕೆ ನಿಂತ. ಅವರಿಬ್ಬರ ಮನೆಗಳ ನಡುವೆ ಇರುವುದು ನಾಲ್ಕೇ ಕಟ್ಟಡ.

ಮೂಲೆಗೆ ಪಬ್ ಬಂದದ್ದು ಹೇಗೆ?

ಈ ಪಬ್‌ಗಳು ಮೋಜಿಗಾಗಿ ಹುಟ್ಟಿದವಲ್ಲ. 19ನೇ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಗಳು ಬೆಳೆದಂತೆ ಬರ್ಲಿನ್‌ಗೆ ಹಳ್ಳಿಗಳಿಂದ ಜನ ಬಂದು ತುಂಬಿದರು. 1871ರಲ್ಲಿ ಸುಮಾರು 8 ಲಕ್ಷವಿದ್ದ ಜನಸಂಖ್ಯೆ 1900ರ ಹೊತ್ತಿಗೆ 18 ಲಕ್ಷ ದಾಟಿತ್ತು. 1862ರ ನಗರ ಯೋಜನೆ ಅಗಲವಾದ ಬೀದಿಗಳನ್ನೂ ದೊಡ್ಡ ದೊಡ್ಡ ನಿವೇಶನಗಳನ್ನೂ ಗುರುತಿಸಿತ್ತು. ಮಾಲೀಕರು ಅವುಗಳ ತುಂಬ ಐದಂತಸ್ತಿನ ಬಾಡಿಗೆ ಕಟ್ಟಡ ಎಬ್ಬಿಸಿದರು. ಒಂದು ಅಂಗಳದ ಹಿಂದೆ ಇನ್ನೊಂದು ಅಂಗಳ, ಅದರ ಹಿಂದೆ ಮತ್ತೊಂದು. ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಇಡೀ ಕುಟುಂಬ. ಬಾಡಿಗೆ ಹೊಂದಿಸಲು ಹಾಸಿಗೆಯನ್ನೂ ಗಂಟೆಯ ಲೆಕ್ಕದಲ್ಲಿ ಪರರಿಗೆ ಕೊಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿದವನು ಹಗಲು ಮಲಗಬೇಕು. ಇಂಥ ಮನೆಯಲ್ಲಿ ಕೂರಲು ಜಾಗ ಎಲ್ಲಿಂದ ಬರಬೇಕು? ಮೂಲೆಯ ಪಬ್‌ನಲ್ಲಿ ಬೆಂಕಿಯ ಕಾವು ಇತ್ತು, ದೀಪ ಇತ್ತು, ಪತ್ರಿಕೆ ಇತ್ತು. ಅದು ಬಡವರ ಚಾವಡಿಯಾಯಿತು.

1878ರಿಂದ 1890ರವರೆಗೆ ಸಮಾಜವಾದಿಗಳ ಸಭೆಗಳನ್ನು ಸರಕಾರ ನಿಷೇಧಿಸಿದ್ದಾಗ ಕಾರ್ಮಿಕರು ಗುಟ್ಟಾಗಿ ಸೇರುತ್ತಿದ್ದುದೂ ಪಬ್‌ಗಳಲ್ಲೇ. ಕಾರ್ಮಿಕನ ರಾಜಕೀಯ ಸ್ವಾತಂತ್ರ್ಯಕ್ಕೆ ಉಳಿದಿರುವ ಕೋಟೆ ಪಬ್ ಒಂದೇ ಎಂದು ಸಮಾಜವಾದಿ ಚಿಂತಕ ಕಾರ್ಲ್ ಕೌಟ್‌ಸ್ಕಿ ಆ ಕಾಲದಲ್ಲಿ ವಾದಿಸಿದ್ದರು. ಕುಡಿತವನ್ನು ಬಿಡಿಸಬೇಕೆಂದು ಹೊರಟ ಸುಧಾರಕರಿಗೆ ಅವರು ಕೊಟ್ಟ ಉತ್ತರ ಅದು.

ನಾಯ್‌ಕೋಲ್ನ್ ಎಂಬ ಹೆಸರಿನ ಹಿಂದೆಯೂ ಪಬ್‌ಗಳ ಕಥೆ ಇದೆ. ಅದರ ಮೊದಲ ಹೆಸರು ರಿಕ್ಸ್‌ಡೋರ್ಫ್. ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದ ಈ ಊರು ಪಬ್, ಕುಣಿತ, ಗದ್ದಲಕ್ಕೆ ಎಷ್ಟು ಹೆಸರಾಗಿತ್ತೆಂದರೆ, ಆ ಕೆಟ್ಟ ಹೆಸರಿನಿಂದ ಕಳಚಿಕೊಳ್ಳಲು ಆಡಳಿತಗಾರರು 1912ರಲ್ಲಿ ಊರಿನ ಹೆಸರನ್ನೇ ಬದಲಿಸಿದರು. 1920ರಲ್ಲಿ ಅದು ಬರ್ಲಿನ್ ನಗರದೊಳಗೆ ಸೇರಿತು. ಒಂದು ಶತಮಾನದ ಹಿಂದೆ ಯಾವುದರ ಬಗ್ಗೆ ನಾಚಿಕೆಪಟ್ಟು ಹೆಸರು ಬದಲಿಸಿದರೋ, ಅದರ ನೆರಳನ್ನೇ ಇಂದು ಪ್ರವಾಸಿಗರು ಹುಡುಕಿಕೊಂಡು ಬರುತ್ತಾರೆ.

ವಿಮಾನ ನಿಂತಿತು, ಬಾಡಿಗೆ ಏರಿತು

ನಾಯ್‌ಕೋಲ್ನ್‌ನ ಒಂದು ಭಾಗ ಹಳೆಯ ಟೆಂಪಲ್‌ಹೋಫ್ ವಿಮಾನ ನಿಲ್ದಾಣಕ್ಕೆ ತಾಗಿಕೊಂಡಿದೆ. 1948-49ರಲ್ಲಿ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್‌ಗೆ ದಾರಿ ಮುಚ್ಚಿದಾಗ ಅಮೆರಿಕ, ಬ್ರಿಟನ್‌ಗಳು ವಿಮಾನದಲ್ಲಿ ಆಹಾರ, ಕಲ್ಲಿದ್ದಲು ತಂದಿಳಿಸಿದ್ದು ಇಲ್ಲಿಯೇ. ಆಮೇಲೆ ದಶಕಗಳ ಕಾಲ ವಿಮಾನಗಳು ಮನೆಗಳ ಛಾವಣಿಯ ಮೇಲೆಯೇ ಹಾರಿದವು. ಸದ್ದಿನ ಕಾರಣಕ್ಕೆ ಬಾಡಿಗೆ ಕಡಿಮೆ; ಬಾಡಿಗೆ ಕಡಿಮೆ ಇದ್ದುದರಿಂದ ಕಾರ್ಮಿಕರು, ಟರ್ಕಿಯಿಂದ, ಅರಬ್ ದೇಶಗಳಿಂದ ಬಂದ ವಲಸಿಗರು, ವಿದ್ಯಾರ್ಥಿಗಳು ಅಲ್ಲಿ ನೆಲೆಸಿದರು. ಮೂಲೆಯ ಪಬ್‌ಗಳೂ ಉಳಿದವು.

2008ರ ಅಕ್ಟೋಬರ್ 30ರಂದು ವಿಮಾನ ನಿಲ್ದಾಣ ಮುಚ್ಚಿತು. 2010ರ ಮೇ ತಿಂಗಳಲ್ಲಿ ಸುಮಾರು 300 ಹೆಕ್ಟೇರಿನ, ಅಂದರೆ 700 ಎಕರೆಗೂ ಮಿಕ್ಕಿದ ಆ ಬಯಲನ್ನು ಸಾರ್ವಜನಿಕರಿಗೆ ತೆರೆದರು. ಇದ್ದಕ್ಕಿದ್ದಂತೆ ಆ ಬೀದಿಗಳು ನಿಶ್ಶಬ್ದವಾದವು, ಎದುರಿಗೆ ವಿಶಾಲ ಮೈದಾನ ಬಂತು. ಬಯಲಿನ ಅಂಚಿನಲ್ಲಿ ಕಟ್ಟಡ ಕಟ್ಟುವ ಯೋಜನೆಯನ್ನು 2014ರ ಜನಮತದಲ್ಲಿ ನಗರದ ಮತದಾರರು ತಳ್ಳಿಹಾಕಿದರು. ಮೈದಾನ ಉಳಿಯಿತು; ಅದರ ಪಕ್ಕದ ಮನೆಗಳ ಬೆಲೆ ಮಾತ್ರ ಏರುತ್ತಲೇ ಹೋಯಿತು.

ಈಗ ಅಲ್ಲಿನ ಕೆಫೆಗಳಲ್ಲಿ ಹಲಗೆಯ ಮೇಲೆ ಇಂಗ್ಲಿಷ್ ಬರಹ. ಬರ್ಲಿನ್‌ನ ಹೋಟೆಲುಗಳಲ್ಲಿ ಬಡಿಸುವವರು ಇಂಗ್ಲಿಷ್ ಮಾತ್ರ ಮಾತನಾಡುತ್ತಾರೆ ಎಂದು 2017ರಲ್ಲಿ ಜರ್ಮನ್ ರಾಜಕಾರಣಿ ಯೆನ್ಸ್ ಸ್ಪಾನ್ ಸಿಡಿಮಿಡಿಗೊಂಡದ್ದು ದೇಶದಲ್ಲೆಲ್ಲ ಚರ್ಚೆಯಾಗಿತ್ತು. ಹೊಸಬರು ಕೆಟ್ಟವರೆಂದಲ್ಲ. ನಮ್ಮ ಕರಾವಳಿಯ ಯುವಕನೂ ಆ ಹೊಸಬರಲ್ಲೊಬ್ಬ. ದುಡಿದು ತಿನ್ನಲು ಬಂದವನು, ಬಾಡಿಗೆಗೆ ಸಿಕ್ಕ ಮನೆ ಹಿಡಿದವನು. ಆದರೆ ಅವನು ಕೊಡುವ ಬಾಡಿಗೆಯನ್ನು ನೋಡಿ ಪಕ್ಕದ ಮನೆಯ ಮಾಲೀಕ ಲೆಕ್ಕ ಹಾಕುತ್ತಾನೆ, ಅದರ ಪಕ್ಕದ ಅಂಗಡಿಯ ಮಾಲೀಕನೂ ಲೆಕ್ಕ ಹಾಕುತ್ತಾನೆ.

ಬೀಗ ಬಿದ್ದ ‘ಸಿಂಡಿಕಾಟ್’

ಆ ಲೆಕ್ಕಕ್ಕೆ ಬಲಿಯಾದ ಪಬ್‌ಗಳಲ್ಲಿ ಹೆಚ್ಚು ಸುದ್ದಿಯಾದದ್ದು ನಾಯ್‌ಕೋಲ್ನ್‌ನ ವೈಸೆ ಬೀದಿಯ ‘ಸಿಂಡಿಕಾಟ್’. ಎಡಪಂಥೀಯ ಒಲವಿನ ಗುಂಪೊಂದು 1985ರಿಂದ ಸಾಮೂಹಿಕವಾಗಿ ಇದನ್ನು ನಡೆಸುತ್ತಿತ್ತು. ನಾನು ನೋಡಿದ ಪರದೆಯ ಪಬ್‌ಗಿಂತ ಇದರ ಬಣ್ಣ ಬೇರೆ, ಆದರೆ ಸುತ್ತಲಿನ ಬೀದಿಗಳವರು ಬಂದು ಕೂರುವ ಅಗ್ಗದ ಜಾಗ ಎಂಬುದರಲ್ಲಿ ವ್ಯತ್ಯಾಸವಿರಲಿಲ್ಲ. 2018ರಲ್ಲಿ ಮಾಲೀಕರು ಒಪ್ಪಂದ ಮುಗಿಸಿದರು. ಮಾಲೀಕರು ಯಾರು ಎಂದು ಹುಡುಕಹೊರಟ ಪಬ್‌ನವರಿಗೆ ಲಕ್ಸೆಂಬರ್ಗ್‌ನಲ್ಲಿ ಅಂಚೆಪೆಟ್ಟಿಗೆಯಷ್ಟೇ ಇರುವ ಒಂದು ಕಂಪನಿ ಸಿಕ್ಕಿತು. ಬರ್ಲಿನ್‌ನಲ್ಲಿ ಸಾವಿರಾರು ಮನೆಗಳ ಒಡೆತನವಿರುವ, ಲಂಡನ್ ಮೂಲದ ದೊಡ್ಡ ಆಸ್ತಿ ವ್ಯವಹಾರ ಅದರ ಹಿಂದಿದೆ ಎಂಬುದು ಪತ್ರಕರ್ತರ ತನಿಖೆಯಿಂದ ಬಯಲಾಯಿತು.

ಮಾತುಕತೆಗೆ ಮಾಡಿದ ಪ್ರಯತ್ನ ಫಲ ಕೊಡಲಿಲ್ಲ. ನ್ಯಾಯಾಲಯ ಮಾಲೀಕರ ಪರ ತೀರ್ಪು ಕೊಟ್ಟಿತು. 2020ರ ಆಗಸ್ಟ್ 7ರಂದು, ಕೊರೋನಾ ಕಾಲದಲ್ಲಿ, ನೂರಾರು ಪೊಲೀಸರ ಕಾವಲಿನಲ್ಲಿ ಪಬ್ ತೆರವುಗೊಂಡಿತು. 35 ವರ್ಷಗಳ ಜಾಗಕ್ಕೆ ಒಂದು ಬೆಳಿಗ್ಗೆಯಲ್ಲಿ ಬೀಗ ಬಿತ್ತು. ಬೀದಿಯಲ್ಲಿ ಪ್ರತಿಭಟನೆ ನಡೆಯಿತು, ಘರ್ಷಣೆಯೂ ಆಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಇಲ್ಲಿ ಗಮನಿಸಬೇಕಾದ ಮಾತು ಬೇರೆಯೇ ಇದೆ. ಆ ತೀರ್ಪಿನಲ್ಲಿ ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ.

ಕಾನೂನು ಯಾರನ್ನು ಕಾಯುತ್ತದೆ?

ಜರ್ಮನಿಯಲ್ಲಿ ಬಾಡಿಗೆ ಮನೆಯಲ್ಲಿ ಇರುವವರಿಗೆ ಕಾನೂನಿನ ರಕ್ಷಣೆ ಬಲವಾಗಿದೆ. ತಕ್ಕ ಕಾರಣವಿಲ್ಲದೆ ಅವರನ್ನು ಎಬ್ಬಿಸುವಂತಿಲ್ಲ. ಬೇಕಾಬಿಟ್ಟಿ ಬಾಡಿಗೆ ಏರಿಸುವಂತಿಲ್ಲ. 2015ರಿಂದ ಬರ್ಲಿನ್‌ನಲ್ಲಿ ಹೊಸ ಬಾಡಿಗೆಗೂ ಮಿತಿ ಇದೆ. ನಾಯ್‌ಕೋಲ್ನ್‌ನ ಆ ಬೀದಿಗಳನ್ನು 2016ರಲ್ಲಿ ವಿಶೇಷ ರಕ್ಷಣೆಯ ಪ್ರದೇಶವೆಂದೂ ಗುರುತಿಸಲಾಯಿತು. ಮನೆಗಳನ್ನು ಐಷಾರಾಮಿಯಾಗಿ ಮಾರ್ಪಡಿಸಿ ಹಳಬರನ್ನು ಹೊರದಬ್ಬಬಾರದು ಎಂಬುದು ಅದರ ಉದ್ದೇಶ.

ಇವೆಲ್ಲವೂ ವಾಸದ ಮನೆಗಳಿಗೆ ಮಾತ್ರ. ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿರುವ ಪಬ್, ದಿನಸಿ ಅಂಗಡಿ, ಚಪ್ಪಲಿ ರಿಪೇರಿಯವನಿಗೆ ಈ ಯಾವ ರಕ್ಷಣೆಯೂ ಇಲ್ಲ. ಅವರದು ವ್ಯಾಪಾರದ ಬಾಡಿಗೆ. ಐದೋ ಹತ್ತೋ ವರ್ಷದ ಒಪ್ಪಂದ ಮುಗಿದರೆ ಮುಗಿಯಿತು. ಅವಧಿ ಗೊತ್ತುಮಾಡದ ಒಪ್ಪಂದವಾದರೆ ಸುಮಾರು ಆರು ತಿಂಗಳ ನೋಟಿಸು ಸಾಕು, ಕಾರಣ ಹೇಳಬೇಕಾಗಿಲ್ಲ. ಬಾಡಿಗೆಯನ್ನು ಇಮ್ಮಡಿ ಮಾಡಿದರೂ ಕೇಳುವವರಿಲ್ಲ. ಹೀಗೆ ಎರಡನೇ ಮಹಡಿಯ ವೃದ್ಧರ ಮನೆ ಉಳಿಯುತ್ತದೆ, ಅವರು ಸಂಜೆ ಇಳಿದುಬಂದು ಕೂರುತ್ತಿದ್ದ ಕೆಳಗಿನ ಮೇಜು ಹೋಗುತ್ತದೆ. ತಲೆಯ ಮೇಲೆ ಸೂರಿದೆ ಎಂದು ಸರಕಾರದ ಕಡತ ಹೇಳುತ್ತದೆ. ಹತ್ತು ದಿನ ಕಾಣಿಸದಿದ್ದರೆ ಬಾಗಿಲು ತಟ್ಟುವವರು ಯಾರು ಎಂಬ ಪ್ರಶ್ನೆಗೆ ಕಡತದಲ್ಲಿ ಜಾಗವಿಲ್ಲ.

ಪಬ್ ಮುಚ್ಚಲು ಬಾಡಿಗೆಯೊಂದೇ ಕಾರಣ ಎಂದರೆ ಅದು ಅರ್ಧ ಸತ್ಯವಾದೀತು. ಜರ್ಮನ್ನರು ಕುಡಿಯುವ ಬಿಯರ್ ಕಡಿಮೆಯಾಗಿದೆ. 2000ದಲ್ಲಿ ತಲಾ ಸುಮಾರು 125 ಲೀಟರ್ ಇದ್ದದ್ದು ಇತ್ತೀಚಿನ ವರ್ಷಗಳಲ್ಲಿ 90 ಲೀಟರಿಗಿಂತ ಕೆಳಗಿಳಿದಿದೆ. ತಡರಾತ್ರಿಯವರೆಗೆ ತೆರೆದಿರುವ ಸಣ್ಣ ಅಂಗಡಿಗಳಲ್ಲಿ ಬಾಟಲಿ ಅಗ್ಗ. 2020ರಲ್ಲಿ ಕೊರೋನಾ ಬಂದು ತಿಂಗಳುಗಟ್ಟಲೆ ಬಾಗಿಲು ಹಾಕಿಸಿತು. ಯಜಮಾನ, ಯಜಮಾನಿತಿಯರಿಗೆ ವಯಸ್ಸಾಯಿತು. ಮಧ್ಯರಾತ್ರಿಯವರೆಗೆ ನಿಂತು ದುಡಿಯುವ ಕೆಲಸ ಮಕ್ಕಳಿಗೆ ಬೇಡ. ಹೀಗೆ ಮೊದಲೇ ಬಳಲಿದ ಅಂಗಡಿಗೆ ಏರಿದ ಬಾಡಿಗೆ ಕೊನೆಯ ಪೆಟ್ಟು ಕೊಡುತ್ತದೆ.

ಲಂಡನ್ ಮಾಡಿದ್ದೇನು?

ಕಾನೂನು ಬೇರೆ ದಾರಿ ಹಿಡಿಯಬಹುದು ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ 2011ರ ಸ್ಥಳೀಯಾಡಳಿತ ಕಾಯಿದೆಯ ಪ್ರಕಾರ ಪಬ್, ಅಂಗಡಿ, ಸಭಾಭವನಗಳನ್ನು ‘ಸಮುದಾಯದ ಆಸ್ತಿ’ ಎಂದು ಪಟ್ಟಿಗೆ ಸೇರಿಸಲು ಊರಿನವರು ಅರ್ಜಿ ಹಾಕಬಹುದು. ಅಂಥ ಆಸ್ತಿ ಮಾರಾಟಕ್ಕೆ ಬಂದರೆ, ಹಣ ಹೊಂದಿಸಿಕೊಳ್ಳಲು ಸಮುದಾಯಕ್ಕೆ ಆರು ತಿಂಗಳ ಕಾಲಾವಕಾಶ ಸಿಗುತ್ತದೆ. ದಕ್ಷಿಣ ಲಂಡನ್‌ನ ನನ್‌ಹೆಡ್‌ನಲ್ಲಿರುವ ‘ಐವಿ ಹೌಸ್’ ಹೀಗೆ ಪಟ್ಟಿ ಸೇರಿದ ಮೊದಲ ಪಬ್. 2012ರಲ್ಲಿ ಅದನ್ನು ಮುಚ್ಚಿ ಮಾರಿದಾಗ ಸ್ಥಳೀಯರು ಒಟ್ಟಾದರು, ಸಾಲ ಅನುದಾನ ಪಡೆದರು, ಷೇರು ಹಾಕಿದರು, 2013ರಲ್ಲಿ ಅದನ್ನು ಕೊಂಡು ಮತ್ತೆ ತೆರೆದರು.

ಇನ್ನೂ ಸ್ವಾರಸ್ಯದ ಪ್ರಕರಣ ಲಂಡನ್‌ನ ಕಿಲ್‌ಬರ್ನ್ ಬಳಿಯ ‘ಕಾರ್ಲ್‌ಟನ್ ಟ್ಯಾವರ್ನ್’. ಮೊದಲ ಮಹಾಯುದ್ಧದಲ್ಲಿ ಬಾಂಬಿಗೆ ನಾಶವಾದ ಪಬ್‌ನ ಜಾಗದಲ್ಲಿ 1920-21ರಲ್ಲಿ ಕಟ್ಟಿದ್ದು. ಎರಡನೆಯ ಮಹಾಯುದ್ಧದ ಬಾಂಬುಗಳಿಂದಲೂ ಪಾರಾದದ್ದು. ಅಲ್ಲಿ ಫ್ಲ್ಯಾಟ್ ಕಟ್ಟಲು ಮಾಲೀಕ ಕಂಪನಿಗೆ ನಗರಾಡಳಿತ ಅನುಮತಿ ನಿರಾಕರಿಸಿತ್ತು. ಪಾರಂಪರಿಕ ಕಟ್ಟಡವೆಂದು ಅದನ್ನು ಘೋಷಿಸಲು ಇನ್ನೇನು ದಿನಗಳಿದ್ದವು ಎನ್ನುವಾಗ, 2015ರ ಏಪ್ರಿಲ್ 8ರಂದು, ಪಾಸ್ಖ ಹಬ್ಬದ ವಾರದಲ್ಲಿ, ಬುಲ್ಡೋಜರ್ ಬಂದು ಕಟ್ಟಡವನ್ನು ಉರುಳಿಸಿತು. ಕಂಪನಿ ದಂಡ ಕಟ್ಟಿ ಪಾರಾಗುತ್ತದೆ ಎಂದೇ ಜನ ಎಣಿಸಿದ್ದರು. ಆದರೆ ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ಇಟ್ಟಿಗೆಗೆ ಇಟ್ಟಿಗೆ ಇಟ್ಟು ಮೊದಲಿನಂತೆಯೇ ಕಟ್ಟಿಕೊಡಿ ಎಂದು ಆದೇಶಿಸಿತು. ಕಂಪನಿಯ ಮೇಲ್ಮನವಿ 2016ರಲ್ಲಿ ಬಿದ್ದುಹೋಯಿತು. ಪರಂಪರೆ ಇಲಾಖೆಯವರು ಮೊದಲೇ ಕಟ್ಟಡದ ಒಳಹೊರಗನ್ನು ದಾಖಲಿಸಿಟ್ಟಿದ್ದುದರಿಂದ ಹಾಗೆ ಕಟ್ಟುವುದು ಸಾಧ್ಯವಾಯಿತು. 2021ರ ಏಪ್ರಿಲ್‌ನಲ್ಲಿ ಪಬ್ ಮತ್ತೆ ಬಾಗಿಲು ತೆರೆಯಿತು. 2017ರಿಂದ ಇಂಗ್ಲೆಂಡಿನಲ್ಲಿ ಯಾವುದೇ ಪಬ್ ಅನ್ನು ಕೆಡಹಲು, ಬೇರೆ ಅಂಗಡಿಯಾಗಿ ಪರಿವರ್ತಿಸಲು ಮುಂಚಿತವಾಗಿ ಯೋಜನಾ ಅನುಮತಿ ಪಡೆಯಲೇಬೇಕು.

ಈ ಎರಡೂ ಕಡೆ ಗೆದ್ದವರು ಕೂಗಿದವರಷ್ಟೇ ಅಲ್ಲ, ಮೊದಲೇ ಕಾಗದ ಪತ್ರ ಸಿದ್ಧ ಮಾಡಿಕೊಂಡವರು. ಪಟ್ಟಿಗೆ ಸೇರಿಸಲು ಅರ್ಜಿ, ಕಟ್ಟಡದ ದಾಖಲೆ, ಷೇರು ಪುಸ್ತಕ, ಬ್ಯಾಂಕ್ ಖಾತೆ. ಬೀಗ ಬಿದ್ದ ಮೇಲೆ ಮೊಂಬತ್ತಿ ಹಚ್ಚಿ ಅತ್ತವರಿಗೆ ಏನೂ ಸಿಗಲಿಲ್ಲ.

ಈ ಜಯಕ್ಕೂ ಒಂದು ಮಿತಿ ಇದೆ. ಕಾನೂನು ಕಾಯುವುದು ಇಟ್ಟಿಗೆಯನ್ನು, ಹಲಗೆಯ ಮೇಲಿನ ಹೆಸರನ್ನು. ಒಂದು ಲೋಟದ ಬೆಲೆ ಎಷ್ಟಿರಬೇಕು, ಒಂದೇ ಲೋಟ ಹಿಡಿದು ಎರಡು ಗಂಟೆ ಕೂರುವವನನ್ನು ಎಬ್ಬಿಸಬೇಕೇ ಬೇಡವೇ ಎಂಬುದನ್ನು ಯಾವ ಕಾನೂನೂ ಹೇಳುವುದಿಲ್ಲ. ಹಳೆಯ ಹೆಂಚು, ಹಳೆಯ ಮರದ ಕೌಂಟರನ್ನು ಹಾಗೆಯೇ ಇಟ್ಟುಕೊಂಡು ಬೆಲೆಯನ್ನು ಏರಿಸಿದರೆ ಪಬ್ ಉಳಿಯುತ್ತದೆ, ಅಲ್ಲಿ ಕೂರುತ್ತಿದ್ದವರು ಉಳಿಯುವುದಿಲ್ಲ. ನೋಡಲು ಬರುವ ನಮ್ಮಂಥವರು ಹೆಚ್ಚಾದಷ್ಟೂ ಆ ಆಸೆ ಮಾಲೀಕರಲ್ಲಿ ಬೆಳೆಯುತ್ತದೆ.

ಕುಡಿತದ ಮಾತನ್ನು ಮರೆಯಬಾರದು

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ನೋಡಬೇಕು. ಮೂಲೆಯ ಪಬ್ ಸ್ವರ್ಗವಾಗಿರಲಿಲ್ಲ. ಶನಿವಾರದ ಕೂಲಿ ಮನೆಗೆ ತಲಪದೆ ಕೌಂಟರಿನಲ್ಲೇ ಕರಗಿದ ಕಥೆಗಳು ಬರ್ಲಿನ್‌ಗೂ ಇವೆ, ಬಂಟ್ವಾಳಕ್ಕೂ ಇವೆ. ಗೋಡೆಯಲ್ಲಿ ಉಳಿತಾಯದ ಪೆಟ್ಟಿಗೆ ಇದ್ದರೆ ಮೂಲೆಯಲ್ಲಿ ಜೂಜಿನ ಯಂತ್ರವೂ ಇತ್ತು. ಅಲ್ಲಿನ ಹೊಗೆ ಎಲ್ಲರ ಎದೆಗೂ ಇಳಿಯುತ್ತದೆ. ಒಬ್ಬಳೇ ಹೆಂಗಸು ಒಳಗೆ ಬಂದರೆ ತಿರುಗಿ ನೋಡುವ ಕಾಲವಿತ್ತು. ಟರ್ಕಿ, ಅರಬ್ ಮೂಲದ ನೆರೆಯವರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಲೇ ಇಲ್ಲ. ಅವರ ಚಹಾದಂಗಡಿಗಳೇ ಬೇರೆ. ಎಲ್ಲರಿಗೂ ತೆರೆದ ಮನೆ ಎಂಬ ಮಾತು ಪೂರ್ತಿ ನಿಜವಾಗಿರಲಿಲ್ಲ.

ಆದ್ದರಿಂದ ಪಬ್ ಉಳಿಯಲಿ ಎಂದು ಘೋಷಣೆ ಕೂಗುವುದು ಈ ಬರಹದ ಉದ್ದೇಶವಲ್ಲ. ಜನ ಅಲ್ಲಿಗೆ ಹೋಗುತ್ತಿದ್ದುದು ಏಕೆ ಎಂಬುದು ನಮಗೆ ಅರ್ಥವಾಗಬೇಕು. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಅಂಗಡಿ ಮುಚ್ಚಿದ ಮಾತ್ರಕ್ಕೆ ಕುಡಿತ ನಿಲ್ಲಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕುಡಿತದ ಜೊತೆಗೆ ಅಲ್ಲಿ ಇನ್ನೇನು ಸಿಗುತ್ತಿತ್ತು, ಅದನ್ನು ಬೇರೆಲ್ಲಿ ಕೊಡಬಹುದು ಎಂದು ಕೇಳಿದವರು ಕಡಿಮೆ.

ಬರ್ಲಿನ್‌ನ ಆ ಮೂಲೆಯಲ್ಲಿ ಸಿಗುತ್ತಿದ್ದುದನ್ನು ಹೀಗೆ ಪಟ್ಟಿ ಮಾಡಬಹುದು: ಕರೆಯದೆ ಹೋಗಬಹುದಾದ ಬಾಗಿಲು, ಕಡಿಮೆ ಖರ್ಚಿನಲ್ಲಿ ಹೆಚ್ಚು ಹೊತ್ತು ಕೂರುವ ಅವಕಾಶ, ಹೆಸರು ಹಿಡಿದು ಕರೆಯುವ ಯಜಮಾನಿತಿ, ಬಾರದಿದ್ದರೆ ಗೊತ್ತಾಗುವ ವ್ಯವಸ್ಥೆ. ಇದರಲ್ಲಿ ಬಿಯರ್ ಇಲ್ಲದೆ ನಡೆಯದ್ದು ಒಂದೂ ಇಲ್ಲ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಊರುಗಳನ್ನೊಮ್ಮೆ ಸುತ್ತಿ ಬರುವುದು ಒಳ್ಳೆಯದು. ಮಕ್ಕಳು ಗಲ್ಫಿನಲ್ಲೋ ಜರ್ಮನಿಯಲ್ಲೋ ದುಡಿಯುತ್ತಿರುವಾಗ ದೊಡ್ಡ ಮನೆಯಲ್ಲಿ ಒಬ್ಬರೇ ಇರುವ ತಂದೆತಾಯಂದಿರು ಪ್ರತಿ ವಾಳೆಯಲ್ಲೂ ಇದ್ದಾರೆ. ಅವರ ಸೂರು ಗಟ್ಟಿಯಾಗಿದೆ. ಅವರು ಸಂಜೆ ನಡೆದುಹೋಗಿ ಕೂರುತ್ತಿದ್ದ ಹೋಟೆಲಿನ ಬೆಂಚು, ಅಂಗಡಿಯ ಜಗಲಿ ರಸ್ತೆ ಅಗಲವಾದಾಗ, ಕಟ್ಟಡ ಹೊಸದಾದಾಗ ಹೋಯಿತು. ಅತ್ತ ಲಕ್ಷಾಂತರ ರೂಪಾಯಿ ಸುರಿದು ಕಟ್ಟಿದ ನಮ್ಮ ಸಭಾಭವನಗಳು ಮದುವೆ, ರೋಸ್‌ಗಳಿಗೆ ಬಾಡಿಗೆಗೆ ಹೋಗುತ್ತವೆ, ಉಳಿದ ದಿನಗಳಲ್ಲಿ ಬೀಗ. ಅಲ್ಲಿ ಮಾಲೀಕರು ಲಕ್ಸೆಂಬರ್ಗ್‌ನಲ್ಲಿಲ್ಲ. ಒಪ್ಪಂದ ಮುಗಿಯುವ ಭಯವಿಲ್ಲ. ಜಾಗ ನಮ್ಮದೇ, ಕೀಲಿಕೈಯೂ ನಮ್ಮಲ್ಲೇ ಇದೆ.

ವಾರಕ್ಕೆ ಎರಡು ಸಂಜೆ ಅದರ ಒಂದು ಕೋಣೆಯ ಬಾಗಿಲು ತೆರೆದು, ನಾಲ್ಕು ಬೆಂಚು, ಒಂದು ಕೇರಮ್ ಬೋರ್ಡು, ಚಹಾದ ಪಾತ್ರೆ ಇಡಲು ಎಷ್ಟು ಖರ್ಚಾದೀತು? ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಗುರಿಕಾರರು ಈ ಲೆಕ್ಕವನ್ನು ಕೇಳಲಿ. ಬಂದವರ ಹೆಸರು ಬರೆಯಲು ಒಂದು ಪುಸ್ತಕವೂ ಇರಲಿ. ಎರಡು ವಾರ ಯಾರ ಹೆಸರಿನ ಮುಂದೆ ಗುರುತು ಬಿದ್ದಿಲ್ಲವೋ ಅವರ ಮನೆಗೆ ಹೋಗಿ ಬರುವವರು ಯಾರು ಎಂಬುದನ್ನು ಮಾತ್ರ ಮೊದಲೇ ನಿಶ್ಚಯ ಮಾಡಿಕೊಳ್ಳಬೇಕು.